ವಾಮದೇವಪ್ಪ ನಾಟಕ ಕೂಡಿಸಿದ್ದು

ದಾವಣಗೆರೆಯಲ್ಲಿ ಬಸ್ಸು ಹತ್ತಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡರೆ, ಅದನ್ನು ಉಗುಳುವ ಹೊತ್ತಿಗೆ ಹರಿಹರ ಬಂದಿರುತ್ತದೆ. ಆದರೆ ಕಲಾ ಕೌಸ್ತುಭ ನಾಟಕ ಸಂಘ ಒಡೆದು ಎರಡಾದ ಮೇಲೆ ಈ ದಾರಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಾ ಹೋಗಿ, ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ದಾವಣಗೆರೆಯ ಕಲಾವಿದನಿಗೆ ಹರಿಹರಕ್ಕಿಂತ ಕಾಶಿಯೇ ಹತ್ತಿರ ಎನ್ನುವಂತಾಗಿತ್ತು. ಅಂಥ ದಾರಿಯನ್ನು ಒಂದೇ ಸಂಜೆಯಲ್ಲಿ ಮಡಚಿ ಮೊದಲಿನ ಅಳತೆಗೆ ತಂದ ಪುಣ್ಯಾತ್ಮ ವಾಮದೇವಪ್ಪ. ಇದನ್ನು ಅವನು ಬುದ್ಧಿಯಿಂದ ಮಾಡಿದನೋ, ಬುದ್ಧಿ ಇಲ್ಲದ್ದರಿಂದ ಮಾಡಿದನೋ ಎಂದು ಕೆಲವರು ಇಂದಿಗೂ ಕೇಳುತ್ತಾರೆ. ಕೇಳಲಿ. ಕೆಲಸ ಆದಮೇಲೆ ಪ್ರಶ್ನೆ ಕೇಳುವವರಿಗೆ ನಮ್ಮ ಕಡೆ ಎಂದೂ ಬರಗಾಲ ಬಿದ್ದಿಲ್ಲ.

ಸಂಘ ಒಡೆದದ್ದು ಉಪ್ಪಿಟ್ಟಿನಿಂದ. ಹರಿಹರದಲ್ಲಿ ತಾಲೀಮು ಇದ್ದ ದಿನ ದಾವಣಗೆರೆಯ ನಟರು ತಡವಾಗಿ ಹೋದರು. ಹೋಗುವಷ್ಟರಲ್ಲಿ ಪಾತ್ರೆಯಲ್ಲಿ ಸೌಟು ಮಾತ್ರ ಉಳಿದಿತ್ತು. ಆ ಸೌಟು ಯಾರ ಕೈಯಿಂದ ಯಾರ ತಲೆಗೆ ಹೋಯಿತು ಎಂಬ ಬಗ್ಗೆ ಎರಡೂ ಊರಿನಲ್ಲಿ ಬೇರೆ ಬೇರೆ ಇತಿಹಾಸಗಳಿವೆ. ಅಂತೂ ದಾವಣಗೆರೆ ಬ್ರಾಂಚಿನವರು ಕಿರೀಟ, ಕತ್ತಿ, ನಿಲುವಂಗಿಗಳ ಪೆಟ್ಟಿಗೆ ಹೊತ್ತುಕೊಂಡು ಬಂದರು. ಪರದೆ, ಹಾರ್ಮೋನಿಯಂ ಹರಿಹರ ಬ್ರಾಂಚಿನಲ್ಲಿ ಉಳಿದವು. ಅಂದಿನಿಂದ ಹರಿಹರದ ರಾಜ ತಲೆಗೆ ಟವೆಲ್ಲು ಸುತ್ತಿಕೊಂಡು ಸಾಮ್ರಾಜ್ಯ ಆಳಿದ. ದಾವಣಗೆರೆಯಲ್ಲಿ ಯುದ್ಧದಲ್ಲಿ ಸತ್ತವರು, ಪರದೆ ಇಲ್ಲದ ಕಾರಣ, ಜನರೆದುರಿಗೇ ಎದ್ದು ಮೈ ಕೊಡವಿಕೊಂಡು ಒಳಗೆ ಹೋದರು.

ಹಂಚಿಕೊಳ್ಳಲಾಗದೆ ಉಳಿದದ್ದು ನಾಟಕ ಒಂದೇ: ‘ಮಂತ್ರಿಯ ಮಸಲತ್ತು ಅರ್ಥಾತ್ ಕಿರೀಟ ಕಳೆದ ಕುಮಾರ’. ಸಂಘದ ಪದ್ಧತಿಯಲ್ಲಿ ಪ್ರತಿ ಪಾತ್ರಕ್ಕೂ ಒಂದು ರಟ್ಟಿನ ಫೈಲು. ಬೆನ್ನ ಮೇಲೆ ಪಾತ್ರದ ಹೆಸರು, ಒಳಗೆ ಆ ಪಾತ್ರದ ಮಾತು. ನಟನಿಗೆ ತನ್ನ ಫೈಲು ಮಾತ್ರ ಸಿಗುತ್ತಿತ್ತು. ಉಳಿದವರು ಏನು ಮಾತಾಡುತ್ತಾರೆ ಎಂಬುದು ಅವನಿಗೆ ರಂಗದ ಮೇಲೇ ಗೊತ್ತಾಗಬೇಕು. ಒಡೆದ ದಿನ ಈ ಎಲ್ಲ ಫೈಲುಗಳನ್ನೂ ನಕಲು ಮಾಡಿ ಎರಡೂ ಬ್ರಾಂಚಿನವರು ಒಂದೊಂದು ಕಟ್ಟು ಒಯ್ದರು. ಆಮೇಲೆ ತಮ್ಮ ತಮ್ಮ ಕಟ್ಟನ್ನು ಮನಸ್ಸಿಗೆ ಬಂದಂತೆ ತಿದ್ದತೊಡಗಿದರು.

ಇಲ್ಲಿ ಎರಡು ಸಂಗತಿ ಹೇಳಿಬಿಡುತ್ತೇನೆ. ನಾಟಕದ ಖಳಮಂತ್ರಿಯ ಹೆಸರು ಚಂದ್ರಸೇನ. ಒಡೆದ ಹೊಸದರಲ್ಲಿ, ದಾವಣಗೆರೆ ಬ್ರಾಂಚಿನ ಅಧ್ಯಕ್ಷರೂ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಧಣಿಗಳೂ ಆದ ಉಜ್ಜನಪ್ಪನವರಿಗೆ ಒಬ್ಬ ಅಳಿಯ ದೊರೆತ. ಅವನ ಹೆಸರೂ ಚಂದ್ರಸೇನ. ಬೀಗರೆಲ್ಲ ಮುಂದಿನ ಸಾಲಿನಲ್ಲಿ ಕೂತಿರುವಾಗ ನಾಯಕ ರಂಗದ ಮೇಲೆ “ಎಲವೋ ನಾಯಿ ಚಂದ್ರಸೇನಾ!” ಎಂದು ಗರ್ಜಿಸಿ ಒದ್ದ. ಬೀಗರು ಎದ್ದರು. ಮರುದಿನ ಬೆಳಿಗ್ಗೆಯೇ ಉಜ್ಜನಪ್ಪನವರು ಫೈಲಿನ ಬೆನ್ನಿನ ಮೇಲೂ ಹೊಟ್ಟೆಯೊಳಗೂ ಚಂದ್ರಸೇನನನ್ನು ಹೊಡೆದುಹಾಕಿಸಿ ‘ಪ್ರಚಂಡಕೇತು’ ಎಂದು ಬರೆಸಿದರು. ಹೆಸರು ಬಿಟ್ಟರೆ ಒಂದಕ್ಷರವೂ ಬದಲಾಗಲಿಲ್ಲ. ಹರಿಹರದಲ್ಲಿ ಹೆಸರು ಹಾಗೇ ಉಳಿಯಿತು, ಆದರೆ ಕಥೆ ತಿರುಗಿತು. ಅಲ್ಲಿ ಖಳಮಂತ್ರಿಯ ಪಾರ್ಟು ಮಾಡುತ್ತಿದ್ದ ಕರಿಬಸವರಾಜ, “ನಾನು ಸ್ಟೇಜ್ ಮ್ಯಾಲೆ ಸತ್ರೆ ಮನ್ಯಾಗೆ ನಮ್ಮವ್ವ ಮೂರು ದಿನ ಉಣ್ಣಲ್ಲ” ಎಂದು ಹಟ ಹಿಡಿದ. ಆದ್ದರಿಂದ ಅಲ್ಲಿಯ ಚಂದ್ರಸೇನ ಸಾಯುವ ಬದಲು ಪಶ್ಚಾತ್ತಾಪಪಟ್ಟು ಒಳ್ಳೆಯವನಾಗುತ್ತಿದ್ದ.

ಅಂದರೆ ಒಬ್ಬನೇ ಮನುಷ್ಯ. ಒಂದೂರಲ್ಲಿ ಹೆಸರು ಬದಲಾಗಿದೆ, ಇನ್ನೊಂದೂರಲ್ಲಿ ಹಣೆಬರಹ ಬದಲಾಗಿದೆ. ಇದು ಓದುಗರಿಗೆ ಗೊತ್ತಾಯಿತು. ಗೊತ್ತಿರಬೇಕಾಗಿದ್ದ ವಾಮದೇವಪ್ಪನಿಗೆ ಗೊತ್ತಿರಲಿಲ್ಲ. ಅವನು ಸಂಘಕ್ಕೆ ಸೇರಿದ್ದೇ ಆಮೇಲೆ.

ವಾಮದೇವಪ್ಪ ಉಜ್ಜನಪ್ಪನವರ ಅಡತಿ ಅಂಗಡಿಯ ಗುಮಾಸ್ತ. ಅವನ ಹೆಂಡತಿ ನಿರ್ಮಲಮ್ಮ ಹರಿಹರದವಳು, ಮೇಲೆ ಹೇಳಿದ ಕರಿಬಸವರಾಜನ ಒಡಹುಟ್ಟಿದ ಅಕ್ಕ. ಒಮ್ಮೆ ಅಕ್ಕನ ಮನೆಗೆ ಊಟಕ್ಕೆ ಬಂದ ಕರಿಬಸವರಾಜ, “ನಿಮ್ಮ ದಾವಣಗೆರೆಯೋರಿಗೆ ಮಂಡಕ್ಕಿ ಮುಕ್ಕೋದು ಬರ್ತತೆ, ನಾಟ್ಕ ಎಲ್ಲಿ ಬರ್ತತೆ ಭಾವ?” ಎಂದ. ವಾಮದೇವಪ್ಪ ಸಂಘಕ್ಕೆ ಸೇರಿ ಒಂದು ವಾರವಷ್ಟೇ ಆಗಿತ್ತು. ಹೊಸ ಭಕ್ತನ ಆವೇಶದಲ್ಲಿ, “ಟವೆಲ್ಲು ಸುತ್ಕೊಂಡು ರಾಜ್ಯ ಆಳೋರಿಗೆ ನಮ್ಮ ಮನ್ಯಾಗೆ ಎಲಿ ಇಲ್ಲ” ಎಂದುಬಿಟ್ಟ. ಕರಿಬಸವರಾಜ ಹಾಕಿದ ಎಲೆ ಬಿಟ್ಟು ಎದ್ದು ಹೋದ. ಅಂದಿನಿಂದ ನಿರ್ಮಲಮ್ಮನಿಗೆ ತವರು ಮುಚ್ಚಿತು. ಯಾರದಾದರೂ ಮದುವೆಯಲ್ಲಿ, ಊಟದ ಪಂಕ್ತಿಯ ಈ ತುದಿಯಲ್ಲಿ ಕೂತು ಆ ತುದಿಯಲ್ಲಿದ್ದ ಹೆತ್ತ ತಾಯಿಯ ಮುಖ ನೋಡುವುದಷ್ಟೇ ಅವಳ ಪಾಲಿಗೆ ಉಳಿದದ್ದು.

ಹೀಗಿರುವಾಗ ಎರಡೂ ಬ್ರಾಂಚಿಗೆ ಜ್ಞಾನೋದಯವಾಯಿತು. ಜನ ಸಿನಿಮಾ ಟಾಕೀಸಿಗೆ ನುಗ್ಗುತ್ತಿದ್ದರು. ನಾಟಕಕ್ಕೆ ನಟರ ಹೆಂಡಿರು ಮಾತ್ರ ಬರುತ್ತಿದ್ದರು, ಅವರೂ ತೂಕಡಿಸುತ್ತಿದ್ದರು. ಉಜ್ಜನಪ್ಪನವರ ಅಂಗಡಿಯಲ್ಲಿ, ಶೇಂಗಾ ಚೀಲಗಳ ಮೇಲೆ ಸಭೆ ಕೂತಿತು. ಸಂಘ ಮತ್ತೆ ಒಂದಾಗಬೇಕು, ಹರಿಹರದ ಪರದೆಯ ಮುಂದೆ ದಾವಣಗೆರೆಯ ಕಿರೀಟ ಮಿಂಚಬೇಕು ಎಂದು ಠರಾವಾಯಿತು.

“ಅದೆಲ್ಲ ಸರಿ,” ಎಂದರು ಉಜ್ಜನಪ್ಪನವರು. “ನಾಟ್ಕ ಎರಡಾಗೈತಲ್ಲ, ಅದನ್ನ ಕೂಡಿಸೋರು ಯಾರು? ನಮ್ಮದು ಬಿಟ್ರೆ ನಮ್ಮೋರು ಸಿಟ್ಟಾಗ್ತಾರೆ, ಅವರದು ಬಿಟ್ರೆ ಅವರು.”

ಎಲ್ಲರೂ ಚಾವಣಿ ನೋಡಿದರು. ಚಾವಣಿಯಲ್ಲಿ ಏನೂ ಇರಲಿಲ್ಲ.

“ಇದೇನ್ ಮಹಾ ಕೆಲ್ಸ ಧಣಿ?” ಎಂದ ವಾಮದೇವಪ್ಪ. “ದಿನಾ ಲೋಕಿಕೆರೆಯಿಂದ, ಎಲ್ಲೆಲ್ಲಿಂದಲೋ ನೂರಾರು ಚೀಲ ಬರ್ತಾವೆ. ಬೆನ್ನ ಮ್ಯಾಲೆ ಒಂದೇ ಹೆಸರಿದ್ರೆ ಒಂದ್ಕಡಿಗೆ ಒಟ್ತೀನಿ, ಬ್ಯಾರೆ ಹೆಸರಿದ್ರೆ ಬ್ಯಾರೆ. ಇವತ್ತಿನವರೆಗೂ ಒಬ್ಬ ರೈತ ಬಂದು ನನ್ನ ಚೀಲ ಎಲ್ಲಿ ಅಂದಾನೇನ್ರಿ? ಫೈಲು ಅಂದ್ರೆ ತೆಳ್ಳಗಿನ ಚೀಲ. ನಂಗೆ ಬಿಡ್ರಿ.”

ಸಭೆ ಬೆಕ್ಕಸಬೆರಗಾಯಿತು. ಇಷ್ಟು ಸುಲಭವಾದ ವಿಷಯ ತಮಗೆ ಹೊಳೆಯಲಿಲ್ಲವಲ್ಲ ಎಂದು ಹಲವರು ಒಳಗೊಳಗೇ ನೊಂದರು. ಅಲ್ಲೇ ಅವನನ್ನು ಒಂದಾದ ಸಂಘದ ಸೆಕ್ರೆಟರಿ ಮಾಡಿದರು.

ಮನೆಯಲ್ಲಿ ಸುದ್ದಿ ಕೇಳಿದ ನಿರ್ಮಲಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. “ನೋಡ್ರಿ, ನಿಮ್ಮ ನಾಟ್ಕ ಗೀಟ್ಕ ನಂಗೆ ಬ್ಯಾಡ. ನಂಗೆ ತವರು ಬೇಕು. ನಾಟ್ಕ ಗೆದ್ರೆ ನನ್ನ ತಮ್ಮ ನಿಮ್ಮನ್ನ ಭಾವ ಅಂತಾನೆ. ಬಿತ್ತು ಅಂದ್ರೆ, ನಮ್ಮ ಭಾವನಿಂದ್ಲೇ ಬಿತ್ತು ಅಂತಾನೆ. ಆಮ್ಯಾಲೆ ನಾನು ಹರಿಹರ ನೋಡೋದು ನಕಾಶದಾಗೆ.”

“ಅಳಬ್ಯಾಡ. ಈ ಕೈಯಾಗೆ ಎಷ್ಟು ಚೀಲ ಹಾದು ಹೋಗ್ಯಾವೆ ಗೊತ್ತೇನು?”

“ಅದನ್ನ ನೆನಸ್ಕೊಂಡೇ ಅಳು ಬರ್ತತೆ” ಎಂದಳು ನಿರ್ಮಲಮ್ಮ.

ಭಾನುವಾರ ಎರಡೂ ಕಟ್ಟುಗಳನ್ನು ಪಡಸಾಲೆಯಲ್ಲಿ ಹರಡಿಕೊಂಡು ವಾಮದೇವಪ್ಪ ನಡುವೆ ಪಟ್ಟಾಭಿಷಿಕ್ತನಂತೆ ಕೂತ. ಕೆಲಸ ಬೆಣ್ಣೆಯ ಹಾಗೆ ಸಾಗಿತು. ‘ಮಹಾರಾಜ’ ಎಂಬ ಫೈಲು ಎರಡೂ ಕಟ್ಟಿನಲ್ಲಿತ್ತು. ದಾವಣಗೆರೆಯ ಮಹಾರಾಜನಿಗೆ ಒಂದು ಹಾಡು ಹೆಚ್ಚು, ಹರಿಹರದವನಿಗೆ ಒಂದು ಕತ್ತಿವರಸೆ ಹೆಚ್ಚು. ಬೆನ್ನ ಮೇಲೆ ಹೆಸರು ಜೋಡಿಯಾದ ಮೇಲಷ್ಟೇ ಫೈಲು ಬಿಚ್ಚಿ, ಎರಡನ್ನೂ ಸೇರಿಸಿ ಕಟ್ಟಿದ. ಮಹಾರಾಜ ಹಾಡಿ ಆಮೇಲೆ ಕಾದಾಡಲಿ. ದಾವಣಗೆರೆಯ ರಾಜಕುಮಾರಿ ಖಳನನ್ನು ಕಂಡು ಮೂರ್ಛೆ ಹೋಗುತ್ತಿದ್ದಳು, ಹರಿಹರದವಳು ಕಪಾಳಕ್ಕೆ ಹೊಡೆಯುತ್ತಿದ್ದಳು. ಹೊಡೆದು ಮೂರ್ಛೆ ಹೋಗಲಿ ಎಂದು ಗಂಟು ಹಾಕಿದ. ಹೀಗೆ ಹೆಸರಿಗೆ ಹೆಸರು ಜೋಡಿಯಾಗುತ್ತಾ ಕೊನೆಗೆ ಎರಡು ಒಂಟಿ ಫೈಲು ಉಳಿದವು. ಈ ಕಡೆ ‘ಪ್ರಚಂಡಕೇತು’, ಆ ಕಡೆ ‘ಚಂದ್ರಸೇನ’.

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಹೊಸ್ತಿಲಲ್ಲೇ ನಿಂತಳು. “ಏನ್ ವಾಮಣ್ಣ, ಮನಿ ಖಾಲಿ ಮಾಡ್ತೀರೇನು?”

“ನಾಟ್ಕ ಕೂಡಸ್ತಾ ಇದ್ದೀನಿ ಅಕ್ಕಾರೆ. ಇವೆರಡಕ್ಕ ಜೋಡಿ ಸಿಗವಲ್ದು.”

“ಒಳಗೆ ಬಿಚ್ಚಿ ಓದಿ ನೋಡ್ಬಾರ್ದೇನು? ಒಂದೇ ಇದ್ರೂ ಇರಬಹುದು.”

ವಾಮದೇವಪ್ಪ ಕನಿಕರದಿಂದ ನಕ್ಕ. “ಅಕ್ಕಾರೆ, ಚೀಲದ ಬೆನ್ನು ನೋಡೋನು ಗುಮಾಸ್ತ. ಹೊಟ್ಟಿ ನೋಡೋದು ಹೆಗ್ಗಣ.”

ದ್ರಾಕ್ಷಾಯಣಮ್ಮ ಹೆಪ್ಪು ತೆಗೆದುಕೊಂಡು ಹೋದಳು. ಆ ದಿನ ಅವಳ ಮಾತು ಕೇಳಿದ್ದರೆ ನಾಟಕ ನೆಟ್ಟಗಾಗುತ್ತಿತ್ತು, ಸಂಘ ಮೂರು ತಿಂಗಳಲ್ಲಿ ಮತ್ತೆ ಒಡೆಯುತ್ತಿತ್ತು, ಈ ಕಥೆ ನಿಮ್ಮ ಕೈಗೆ ಬರುತ್ತಲೇ ಇರಲಿಲ್ಲ.

ಆದರೂ ಜವಾಬ್ದಾರಿಯುಳ್ಳ ಮನುಷ್ಯ, ಸೋಮವಾರ ಧಣಿಯನ್ನು ಕೇಳಿಯೇ ಬಿಟ್ಟ. “ಧಣಿ, ಹರಿಹರದ ಕಟ್ಟಿನಾಗೆ ಚಂದ್ರಸೇನ ಅಂತ ಒಬ್ಬ ಅದಾನೆ. ನಮ್ಮ ಕಟ್ಟಿನಾಗೆ ಇಲ್ಲ. ನಮ್ಮೋರು ಅವನ್ನ ಯಾಕ ತೆಗೆದರು?”

ಉಜ್ಜನಪ್ಪನವರ ಮುಖ ಒಣಮೆಣಸಿನಕಾಯಿಯಾಯಿತು. “ಆ ಹೆಸರು ನನ್ನ ಮುಂದೆ ಎತ್ತಬ್ಯಾಡ! ಹೋದ ಉಗಾದಿಗೆ ಬಂದು, ಮಾವಾರೆ ನಿಮ್ಮನಿ ಹೋಳಿಗಿ ದಪ್ಪ ಆತು ಅಂದಾನೆ! ನಮ್ಮನಿ ಹೋಳಿಗಿ!”

ಧಣಿಗಳ ಅಳಿಯನನ್ನು ‘ಅಳಿಯಂದಿರು’ ಎಂದಷ್ಟೇ ಕರೆದು ಗೊತ್ತಿದ್ದ ವಾಮದೇವಪ್ಪನಿಗೆ ತಲೆಬುಡ ತಿಳಿಯಲಿಲ್ಲ. ನಾಟಕದ ಮಂತ್ರಿ ಧಣಿಗಳ ಮನೆಗೆ ಹೋಳಿಗೆಗೆ ಯಾಕೆ ಬಂದ? ಏನೇ ಇರಲಿ, ಚಂದ್ರಸೇನ ಅಪಾಯದ ಮನುಷ್ಯ, ಮುಟ್ಟುವುದು ಬೇಡ ಎಂದುಕೊಂಡ. ದಾವಣಗೆರೆಯವರು ಹಳೆಯವನನ್ನು ಕಿತ್ತುಹಾಕಿ ಹೊಸಬನೊಬ್ಬನನ್ನು ತಂದಿದ್ದಾರೆ, ಹರಿಹರದವರು ಹಳೆಯವನನ್ನೇ ಸಾಕಿಕೊಂಡಿದ್ದಾರೆ. ಒಬ್ಬನನ್ನು ಬಿಟ್ಟರೆ ಒಂದೂರು ಸಿಟ್ಟಾಗುತ್ತದೆ. ಆದ್ದರಿಂದ ಇಬ್ಬರೂ ಇರಲಿ. ಇಬ್ಬರ ಫೈಲನ್ನೂ ಕಟ್ಟಿನಲ್ಲಿ ಸೇರಿಸಿ, ಮೇಲೆ ಅರಿಶಿನ ಹಚ್ಚಿದ.

ಪ್ರಚಂಡಕೇತುವಿನ ಪಾರ್ಟು ಮಾಡುತ್ತಿದ್ದವನು ಮಂಡಕ್ಕಿ ಭಟ್ಟಿಯ ಹಯಾತ್ ಸಾಬ್. ಅವನು ಒಮ್ಮೆ ಖಳನಗೆ ನಕ್ಕರೆ ಭಟ್ಟಿಯಲ್ಲಿ ಬೆಂಕಿಯಿಲ್ಲದೆಯೇ ಅಕ್ಕಿ ಅರಳುತ್ತಿತ್ತು, ದೂರದ ಕೊಂಡಜ್ಜಿ ಕೆರೆಯಲ್ಲಿ ಕೊಕ್ಕರೆಗಳು ಹಾರುತ್ತಿದ್ದವು. ಹರಿಹರದ ಕರಿಬಸವರಾಜನದೂ ಕಡಿಮೆ ಗಂಟಲಲ್ಲ. ಕಾರ್ಖಾನೆಯಲ್ಲಿ ಲೇತ್ ಮಷೀನಿನ ಸದ್ದನ್ನು ಮೀರಿ ಟೀ ಕೇಳಿ ಕೇಳಿ ಪಳಗಿದ ಕಂಠ. ‘ನಾವು ಯಾಕೆ ಅಲ್ಲಿಗೆ ಹೋಗಬೇಕು’ ಎಂದು ಎರಡೂ ಊರಿನವರು ಪಾತ್ರಗಳನ್ನು ಹಂಚಿಕೊಂಡು ತಾಲೀಮನ್ನು ತಂತಮ್ಮ ಊರಲ್ಲೇ ಮಾಡಿಕೊಂಡರು. ಎದುರಿನವರ ನಾಟಕದಲ್ಲಿ ಇನ್ನೊಬ್ಬ ಚಿಲ್ಲರೆ ಮಂತ್ರಿ ಇದ್ದಾನಂತೆ ಎಂಬುದಷ್ಟೇ ಇಬ್ಬರು ಖಳರಿಗೂ ಗೊತ್ತಿದ್ದದ್ದು.

ಆಟ ಹರಿಹರದ ಬಯಲಿನಲ್ಲಿ. ಉಜ್ಜನಪ್ಪನವರಿಗೆ ದೀಪ ಹಚ್ಚಿದ ಕೂಡಲೇ ನಿದ್ದೆ ಹತ್ತುವುದರಿಂದ, ಹಗಲು ನಾಲ್ಕಕ್ಕೇ ಆಟ ಶುರುವೆಂದು ಡಂಗುರ ಹೊಡೆಸಿದ್ದರು. ಜನ ಬಂದರು ನೋಡಿ! ಕಡರನಾಯಕನಹಳ್ಳಿಯವರು ಎತ್ತಿನ ಗಾಡಿ ಕಟ್ಟಿಕೊಂಡು ಬಂದರು, ದಾವಣಗೆರೆಯವರು ಬಸ್ಸಿನ ಟಾಪಿನ ಮೇಲೆ ಕೂತು ಬಂದರು. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದನ್ನು ಬಿಟ್ಟು ಬಂದರು. ಎಡಗಡೆ ದಾವಣಗೆರೆ ಕೂತಿತು, ಬಲಗಡೆ ಹರಿಹರ. ನಡುವೆ, ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಬಟ್ಟೆಯ ಟ್ರಂಕು ಇಟ್ಟುಕೊಂಡು ನಿರ್ಮಲಮ್ಮ ಕೂತಳು.

“ಈ ಟ್ರಂಕು ಯಾಕೆ?” ಎಂದ ವಾಮದೇವಪ್ಪ.

“ನಾಟ್ಕ ಗೆದ್ರೆ ಇಲ್ಲಿಂದ ಸೀದಾ ತವರಿಗೆ. ಸೋತ್ರೆ ಎಲ್ಲಿಗೆ ಅಂತ ನಾನಿನ್ನೂ ಯೋಚನೆ ಮಾಡಿಲ್ಲ. ನೀವೂ ಕೇಳಬ್ಯಾಡ್ರಿ.”

ವಾಮದೇವಪ್ಪ ಹೋಗಿ ರಂಗದ ಸೈಡಿನಲ್ಲಿ ಫೈಲುಗಳನ್ನು ಹರವಿಕೊಂಡು ನಿಂತ. ಮಾತು ಮರೆತವರಿಗೆ ನೆನಪು ಕೊಡುವ ಪ್ರಾಂಪ್ಟರೂ ಅವನೇ. ಹಾರ್ಮೋನಿಯಂ ಮುಂದೆ ಮಕ್ತುಮ್ ಸಾಬ್ ಕೂತು ಶ್ರುತಿ ಹಿಡಿದರು. ಪರದೆ ಮೇಲೆದ್ದಿತು. ಮಹಾರಾಜ ಹಾಡಿದ, ಕತ್ತಿ ಬೀಸಿದ; ಎರಡೂ ಊರು ಚಪ್ಪಾಳೆ ತಟ್ಟಿದವು. ವಾಮದೇವಪ್ಪನ ಎದೆ ಉಬ್ಬಿತು.

“ಯಾರಲ್ಲಿ? ಮಂತ್ರಿಗಳನ್ನು ಬರಹೇಳು!” ಎಂದ ಮಹಾರಾಜ.

ಎಡಗಡೆಯಿಂದ ಹಯಾತ್ ಸಾಬ್ ಬಂದ. ಬಲಗಡೆಯಿಂದ ಕರಿಬಸವರಾಜ ಬಂದ. ಇಬ್ಬರಿಗೂ ಪೆಟ್ಟಿಗೆಯಲ್ಲಿದ್ದ ಕರಿ ನಿಲುವಂಗಿ, ಇಬ್ಬರಿಗೂ ಇದ್ದಿಲಲ್ಲಿ ತೀಡಿದ ಚೇಳಿನ ಕೊಂಡಿಯಂಥ ಹುಬ್ಬು. ಇಬ್ಬರೂ ಒಟ್ಟಿಗೆ ಬಲಗಾಲು ಮುಂದಿಟ್ಟು, ಒಟ್ಟಿಗೆ ಎದೆಯ ಮೇಲೆ ಕೈಯಿಟ್ಟು, ಒಂದೇ ಉಸಿರಿನಲ್ಲಿ ಅಂದರು: “ಪ್ರಭೂ! ತಮ್ಮ ಸಿಂಹಾಸನದ ನೆರಳಿನಲ್ಲಿ ನಿಂತ ಈ ದಾಸನಿಗೆ ಬಿಸಿಲಿನ ಭಯವೆಲ್ಲಿಯದು? ಹ್ಹ ಹ್ಹ ಹ್ಹಾ!”

ಮಹಾರಾಜ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಿರೀಟ ತೆಗೆದು ತಲೆ ಕೆರೆದುಕೊಂಡ. ಕಡರನಾಯಕನಹಳ್ಳಿಯ ಗಾಡಿಯೊಂದರಿಂದ ದನಿ ಬಂತು: “ಲೇ, ಇವತ್ತು ಡಬಲ್ ಐತಲೇ!”

ಪ್ರವೇಶ ಮುಗಿದದ್ದೇ ತಡ, ಇಬ್ಬರೂ ಸೈಡಿಗೆ ನುಗ್ಗಿದರು.

“ಸೆಕ್ರೆಟ್ರಿ ಸಾಬ್, ಈ ಮನುಷ್ಯ ನನ್ನ ಮಾತು ಕದ್ದಾನೆ!” ಎಂದ ಹಯಾತ್ ಸಾಬ್. “ನಗೆನೂ ಕದ್ದಾನೆ! ಆ ನಗೆ ನಂದು, ಖುದಾ ಕಸಂ!”

“ನಾನ್ ಕದಿಯೋದಾ? ಆ ಮಾತು ಆಡಿ ಆಡಿ ನನ್ನ ಹಲ್ಲು ಸವದಾವೆ! ಭಾವ, ಇದೆಲ್ಲ ನಿಮ್ಮದೇ ಕಿತಾಪತಿ!” ಎಂದ ಕರಿಬಸವರಾಜ. ವರ್ಷಾನುಗಟ್ಟಲೆಯ ನಂತರ ಅವನ ಬಾಯಿಂದ ಬಂದ ಮೊದಲ ‘ಭಾವ’ ಇದು. ವಾಮದೇವಪ್ಪನಿಗೆ ಸಂತೋಷಪಡಲು ಸಮಯ ಸಿಗಲಿಲ್ಲ.

ಎರಡೂ ಫೈಲುಗಳನ್ನು ಮೊಟ್ಟಮೊದಲ ಬಾರಿಗೆ ಬಿಚ್ಚಿದ. ಎಡಗೈಯಲ್ಲಿ ಪ್ರಚಂಡಕೇತು, ಬಲಗೈಯಲ್ಲಿ ಚಂದ್ರಸೇನ. ಮೊದಲ ಪುಟ ಅದೇ. ಎರಡನೆಯದೂ ಅದೇ. ಹಾಳೆ ತಿರುವಿದಂತೆಲ್ಲ ಅದೇ ಮಾತು, ಅದೇ ನಗೆ, ಅದೇ ಕಡೆ ‘ಕತ್ತಿಯನ್ನು ಹಿರಿಯುವನು’. ಎಡಗೈಯಲ್ಲಿ ಚಂದ್ರಸೇನ ಎಂದಿದ್ದಲ್ಲೆಲ್ಲ ಗೀಟು ಹೊಡೆದು ಪ್ರಚಂಡಕೇತು ಎಂದು ಬರೆದಿತ್ತು. ವಾಮದೇವಪ್ಪನಿಗೆ ಹೋಳಿಗೆಗೆ ಬಂದವನು ಧಣಿಗಳ ಅಳಿಯ ಎಂಬುದೂ ಸೇರಿದಂತೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು.

ಈಗೇನು ಮಾಡುವುದು? ಒಬ್ಬನನ್ನು ಇಳಿಸಬೇಕು. ಹಯಾತನನ್ನು ಇಳಿಸಿದರೆ ಎಡಗಡೆಯ ಜನ ಎದ್ದು ಕಿರೀಟದ ಪೆಟ್ಟಿಗೆಯೊಂದಿಗೆ ಬಸ್ಸು ಹತ್ತುತ್ತಾರೆ. ಭಾಮೈದನನ್ನು ಇಳಿಸಿದರೆ? ಮುಂದಿನ ಸಾಲಿನಲ್ಲಿ ಟ್ರಂಕು ಕಾಣಿಸಿತು.

“ಇಬ್ರೂ ಇರ್ರಿ,” ಎಂದ. “ಒಂದು ರಾಜ್ಯದಾಗೆ ಇಬ್ರು ಕೆಟ್ಟವರು ಇರಬಾರ್ದೇನು? ಒಂದೊಂದು ಮನ್ಯಾಗೇ ನಾಲ್ಕು ಜನ ಇರ್ತಾರೆ. ಮಾತು ಹಂಚ್ಕೊಳ್ರಿ.”

“ಖಳನ ಮಾತು ಹಂಚ್ಕೊಳ್ಳಾಕೆ ಅದೇನು ಮಂಡಕ್ಕಿನಾ?” ಎಂದ ಕರಿಬಸವರಾಜ.

“ಮಂಡಕ್ಕಿ ಸುದ್ದಿಗೆ ಬರಬ್ಯಾಡ!” ಎಂದ ಹಯಾತ್ ಸಾಬ್.

ಎರಡನೇ ಅಂಕದಲ್ಲಿ ಉದ್ಯಾನವನ. ರಾಜಕುಮಾರಿಯಾಗಿ ಬಂದವಳು ಹೆಸರಾಂತ ಕಂಪನಿ ನಟಿ ಗುರುಶಾಂತಮ್ಮ. ಊರೂರು ತಿರುಗಿ ಎಂಥೆಂಥ ರಂಗಗಳನ್ನೋ ಕಂಡಿದ್ದ ಹೆಂಗಸು. ಹಯಾತ್ ಸಾಬ್ ಬಂದ, ಕಪಾಳಕ್ಕೆ ತಿಂದ, ಮೂರ್ಛೆ ಹೋದ ರಾಜಕುಮಾರಿಯನ್ನು ಹೆಗಲಿಗೇರಿಸಿಕೊಂಡು ಎಡಕ್ಕೆ ಹೋದ. ಚಪ್ಪಾಳೆ ನಿಲ್ಲುವ ಮೊದಲೇ ಬಲದಿಂದ ಕರಿಬಸವರಾಜ ಬಂದ. ಅವನೂ ಅಪಹರಿಸಬೇಕಲ್ಲ! ಖಾಲಿ ಉದ್ಯಾನದಲ್ಲಿ ನಿಂತು, “ಎಲೈ ರಾಜಕುಮಾರೀ, ಎಲ್ಲಿ ಓಡುವೆ?” ಎಂದು ಗರ್ಜಿಸಿದ. ಗುರುಶಾಂತಮ್ಮ ಪರದೆಯ ಹಿಂದಿನಿಂದ ಸೀರೆ ಎತ್ತಿ ಕಟ್ಟಿ ಓಡಿ ಬಂದು, ಏದುಸಿರು ಬಿಡುತ್ತಾ ನಿಂತಳು.

“ಈಗ ತಾನೇ ಹೊತ್ಕೊಂಡು ಹೋಗಿದ್ಯಲ್ಲಪ್ಪ, ಮತ್ಯಾಕ ಬಂದಿ?”

ಇದು ಯಾವ ಫೈಲಿನಲ್ಲೂ ಇರಲಿಲ್ಲ. ಕರಿಬಸವರಾಜ ತಬ್ಬಿಬ್ಬಾಗಿ, “ಅವನು ಬ್ಯಾರೆ, ನಾನು ಬ್ಯಾರೆ!” ಎಂದ.

“ನಂಗೇನು ಬ್ಯಾರೆ ಕಾಣವಲ್ದು!” ಎಂದು ಗುರುಶಾಂತಮ್ಮ ಅವನ ಕಪಾಳಕ್ಕೂ ಒಂದು ಬಾರಿಸಿ, ಬಿದ್ದರೆ ಎತ್ತುವುದು ತಡವಾದೀತೆಂದು ತಾನೇ ಅವನ ಹೆಗಲು ಹತ್ತಿದಳು.

ನಗು ಎದ್ದಿತು, ನಿಜ. ಆದರೆ ನಗು ಎರಡು ಬಗೆಯದು. ಹರಿಹರ ಹಯಾತನನ್ನು ನೋಡಿ ನಗುತ್ತಿತ್ತು, ದಾವಣಗೆರೆ ಕರಿಬಸವರಾಜನನ್ನು ನೋಡಿ. “ನಮ್ಮವನ ನಕಲು ಲೇ!” ಎಂದು ಎಡಗಡೆ. “ಯಾವನ್ ಲೇ ನಕಲು?” ಎಂದು ಬಲಗಡೆ. ಮೂರನೇ ಅಂಕದ ಹೊತ್ತಿಗೆ ಸಿಳ್ಳೆ ಬೈಗುಳವಾಯಿತು, ಬೈಗುಳದ ಹಿಂದೆ ಚಪ್ಪಲಿಯೊಂದು ಹಾರಿತು, ಚಪ್ಪಲಿಯ ಹಿಂದೆ ಮಡಚುವ ಕುರ್ಚಿ ಎದ್ದಿತು. ಮಲಗಿದ್ದ ಉಜ್ಜನಪ್ಪನವರು ಎಚ್ಚೆತ್ತು, “ಉಪ್ಪಿಟ್ಟು ಖಾಲಿ ಆತೇನು?” ಎಂದರು. ನಿರ್ಮಲಮ್ಮ ಎದ್ದು ನಿಂತು ಟ್ರಂಕಿನ ಹಿಡಿಗೆ ಕೈ ಹಾಕಿದಳು.

ಅಷ್ಟರಲ್ಲಿ ನಾಲ್ಕನೇ ಅಂಕದ ಕಡೆಯ ದೃಶ್ಯ. ಮಹಾರಾಜನ ಮುಂದೆಯೇ ನಾಯಕ ಪ್ರಚಂಡಕೇತುವಿಗೆ ಕತ್ತಿ ಹಾಕಿದ. ಹಯಾತ್ ಸಾಬ್ ಸತ್ತ. ಸತ್ತ ಎಂದರೆ ಸುಮ್ಮನೆ ಸಾಯಲಿಲ್ಲ. ರಂಗದ ನಾಲ್ಕೂ ಮೂಲೆಗೆ ಹೋಗಿ ಒಂದೊಂದು ಮೂಲೆಯಲ್ಲಿ ಸ್ವಲ್ಪ ಸ್ವಲ್ಪ ಸತ್ತು, ಉಳಿದದ್ದನ್ನು ನಡುವೆ ಬಂದು ಸತ್ತ. ಮಹಾರಾಜನೂ ನಾಯಕನೂ ಒಳಗೆ ಹೋದರು. ಪರದೆ ಬೀಳಬೇಕು. ಹರಿಹರದ ಪರದೆ ಅರ್ಧಕ್ಕೆ ಬಂದು ಗಾಲಿಯಲ್ಲಿ ಸಿಕ್ಕಿಕೊಂಡಿತು. ಬಿದ್ದೇ ಬಿಟ್ಟಿದೆ ಎಂದುಕೊಂಡು ಕರಿಬಸವರಾಜ ತನ್ನ ಪಶ್ಚಾತ್ತಾಪಕ್ಕೆ ರಂಗದ ಮೇಲೆ ಬಂದುಬಿಟ್ಟ.

ಬಂದು ನೋಡಿದರೆ, ಕ್ಷಮಿಸಬೇಕಾದ ಮಹಾರಾಜನಿಲ್ಲ. ಹೆಣ ಇದೆ. ಜನ ನೋಡುತ್ತಿದ್ದಾರೆ.

ಕರಿಬಸವರಾಜನ ಬಗ್ಗೆ ಒಂದು ಮಾತು ಹೇಳಬೇಕು. ಗಂಟಲು ಅವನದು, ನೆನಪು ಪ್ರಾಂಪ್ಟರನದು. ಸೈಡಿನಿಂದ ಏನು ಬಂದರೂ ಗರ್ಜಿಸಿಬಿಡುತ್ತಿದ್ದ, ಒಮ್ಮೆ ಯಾರೋ “ಬೀಡಿ ಐತೇನೋ?” ಎಂದದ್ದನ್ನೂ ಮಹಾರಾಣಿಯ ಮುಂದೆ ಮಂಡಿಯೂರಿ ಕೇಳಿದ್ದ. ಈಗ ಅವನು ಸೈಡಿಗೆ ತಿರುಗಿ ಭಾವನ ಮುಖ ನೋಡಿದ. ಕಣ್ಣಲ್ಲಿ ನೀರಿತ್ತು.

ವಾಮದೇವಪ್ಪ ಕೈಯಲ್ಲಿದ್ದ ಎರಡು ಫೈಲು ನೋಡಿದ. ಹೆಣ ನೋಡಿದ. ಭಾಮೈದನನ್ನು ನೋಡಿದ. ಹೆಂಡತಿ ಟ್ರಂಕು ಎತ್ತುವುದನ್ನು ನೋಡಿದ. ಎರಡೂ ಫೈಲುಗಳನ್ನು ನೆಲಕ್ಕೆಸೆದು, ಅಡತಿ ಅಂಗಡಿಯಲ್ಲಿ ಹಮಾಲರಿಗೆ ಕೂಗುವ ದನಿಯಲ್ಲಿ ಹೇಳಿಕೊಟ್ಟ: “ಯಾರಿವನು?”

“ಯಾರಿವನು!” ಎಂದು ಗರ್ಜಿಸಿದ ಕರಿಬಸವರಾಜ.

“ನನ್ನದೇ ನಿಲುವಂಗಿ! ನನ್ನದೇ ಹುಬ್ಬು! ನನ್ನದೇ ಮಾತು!”

ಕರಿಬಸವರಾಜ ಒಂದೊಂದನ್ನೂ ಗರ್ಜಿಸಿದ. ಗರ್ಜಿಸುತ್ತಾ ಬಗ್ಗಿ ಹೆಣದ ಮುಖ ನೋಡಿದ. ಜನರ ಗದ್ದಲ ನಿಂತಿತು. ಎತ್ತಿದ ಕುರ್ಚಿ ಎತ್ತಿದಲ್ಲೇ ನಿಂತಿತು.

“ಅಯ್ಯೋ! ಇವನು ಬೇರೆ ಯಾರೂ ಅಲ್ಲ. ನಾನೇ!” ವಾಮದೇವಪ್ಪನಿಗೆ ಈಗ ಎಲ್ಲಿಂದಲೋ ಒಳಗಿನಿಂದ ಉಕ್ಕಿ ಬರುತ್ತಿತ್ತು. “ಒಂದೂರಲ್ಲಿ ಚಂದ್ರಸೇನನೆನಿಸಿಕೊಂಡೆ. ಇನ್ನೊಂದೂರಲ್ಲಿ ಪ್ರಚಂಡಕೇತುವೆನಿಸಿಕೊಂಡೆ. ಹೆಸರು ಬದಲಾಯಿತೇ ಹೊರತು ನಾನು ಬದಲಾಗಲಿಲ್ಲ! ಇಗೋ, ನನ್ನ ಹೆಣವನ್ನು ನಾನೇ ಕಂಡೆ. ಇನ್ನಾದರೂ ಬದಲಾಗುತ್ತೇನೆ, ಪ್ರಭೂ, ಬದಲಾಗುತ್ತೇನೆ!”

ಕಡೆಯ ಮಾತಿಗೆ ಕರಿಬಸವರಾಜ ಹಯಾತ್ ಸಾಬನ ಎದೆಯ ಮೇಲೆ ಬಿದ್ದು ಅತ್ತ. ನಿಜವಾಗಿ ಅತ್ತ. ಅಷ್ಟು ಹೊತ್ತು ಹೆದರಿದ್ದವನಿಗೆ ಅಳು ತಯಾರಾಗಿಯೇ ಇತ್ತು.

ಆಮೇಲೆ, “ಒನ್ಸ್ ಮೋರ್!”

ಮೊದಲು ಕೂಗಿದ್ದು ಎಡಗಡೆ ಎಂದು ದಾವಣಗೆರೆಯವರೂ, ಬಲಗಡೆ ಎಂದು ಹರಿಹರದವರೂ ಇಂದಿಗೂ ವಾದಿಸುತ್ತಾರೆ. ಅಂತೂ ಬಯಲಿಗೆ ಬಯಲೇ ಒನ್ಸ್ ಮೋರ್ ಎಂದಿತು. ಮಕ್ತುಮ್ ಸಾಬರು ಹಾರ್ಮೋನಿಯಂ ಒತ್ತಿದರು. ಹಯಾತ್ ಸಾಬ್ ಎದ್ದು ಸಲಾಮು ಮಾಡಿ ಮತ್ತೊಮ್ಮೆ ನಾಲ್ಕು ಮೂಲೆ ಸತ್ತ; ಕರಿಬಸವರಾಜ ಮತ್ತೊಮ್ಮೆ ಅತ್ತ. ಇನ್ನೊಮ್ಮೆ ಒನ್ಸ್ ಮೋರ್. ಆ ಸಲ ಹಯಾತ್ ಸಾಬನಿಗೆ ಸುಮ್ಮನೆ ಹೆಣವಾಗಿರಲು ಆಗಲಿಲ್ಲ. ಕಣ್ಣು ತೆರೆದು, “ಭಾಯಿ, ನನ್ನ ಪಾಲಿಂದು ನಾನು ಸತ್ತೀನಿ. ನಮ್ಮಿಬ್ಬರ ಪಾಲಿಂದೂ ನೀನು ಬದುಕು” ಎಂದು ಮತ್ತೆ ಕಣ್ಣು ಮುಚ್ಚಿದ. ಕುರ್ಚಿ ಎತ್ತಿದವನು ಕುರ್ಚಿ ಇಳಿಸಿ ಅದರ ಮೇಲೆ ಕೂತು ಅತ್ತ. ಗಾಡಿಯ ಎತ್ತುಗಳು ಅತ್ತದ್ದನ್ನು ಕಡರನಾಯಕನಹಳ್ಳಿಯವರು ಪ್ರಮಾಣ ಮಾಡಿ ಹೇಳುತ್ತಾರೆ.

ಉಜ್ಜನಪ್ಪನವರು ಯಾರೂ ಕರೆಯದೆ ರಂಗ ಹತ್ತಿದರು. “ಮಹಾಜನಗಳೇ, ಈ ಹೆಸರು ಬದಲಿ ಮಾಡಿದ್ದು ನಾನು! ಇಂಥಾ ದಿನ ಬರ್ತತೆ ಅಂತ್ಲೇ ಮಾಡಿದ್ದು! ಚಂದ್ರಸೇನ ಕಡಿಗೂ ಒಳ್ಳೇನಾದ. ನಾಳೆನೇ ಅಳಿಯನ್ನ ಕರಸ್ತೀನಿ!” ಎಂದು ಕಣ್ಣೊರೆಸಿಕೊಂಡರು. ಹೋಳಿಗೆಯ ಹಿನ್ನೆಲೆ ತಿಳಿಯದ ಜನ ಇದನ್ನೂ ನಾಟಕದ ಮಾತೆಂದುಕೊಂಡು ಒನ್ಸ್ ಮೋರ್ ಎಂದರು. ಉಜ್ಜನಪ್ಪನವರು ಇನ್ನೊಮ್ಮೆ ಹೇಳಿದರು.

ಮುಂದಿನ ವಾರದಿಂದ ರಾಣೆಬೆನ್ನೂರು, ಹೊನ್ನಾಳಿ, ಚಿತ್ರದುರ್ಗದಿಂದ ಕರೆ ಬಂದವು. ‘ಒಬ್ಬನೇ ಖಳ! ಇಬ್ಬರು ನಟರು! ತನ್ನ ಹೆಣವನ್ನು ತಾನೇ ಕಂಡ ಮಂತ್ರಿ!’ ಎಂದು ಗೋಡೆ ತುಂಬ ಹಚ್ಚಿದರು. ದಾವಣಗೆರೆಯ ಕಾಲೇಜು ಮೇಷ್ಟರೊಬ್ಬರು ಪತ್ರಿಕೆಯಲ್ಲಿ, ಮನುಷ್ಯನ ಮನಸ್ಸು ಎರಡು ಹೋಳಾಗಿರುವುದನ್ನು ಹೀಗೆ ತೋರಿಸಿದ ಧೀಮಂತ ಯಾರು ಎಂದು ಬರೆದರು. ಧೀಮಂತನನ್ನು ಹುಡುಕಿಕೊಂಡು ಅಡತಿ ಅಂಗಡಿಗೂ ಬಂದರು. “ಇದನ್ನು ಹೇಗೆ ಸಾಧಿಸಿದಿರಿ?” ಎಂದು ಕೇಳಿದಾಗ ವಾಮದೇವಪ್ಪ ಶೇಂಗಾ ಚೀಲದ ಮೇಲೆ ಕೈಯಿಟ್ಟು, “ಹೊಟ್ಟಿಯೊಳಗೆ ನೋಡ್ಬೇಕು ಸರ್, ಬೆನ್ನು ನೋಡಿದ್ರೆ ಏನ್ ತಿಳಿತತೆ?” ಎಂದ. ಮೇಷ್ಟರು ಅದನ್ನೂ ಬರೆದುಕೊಂಡರು.

ಆದರೆ ಇದೆಲ್ಲ ಆಮೇಲಿನ ಮಾತು. ಆ ಸಂಜೆ, ಜನ ಇನ್ನೂ ಸಿಳ್ಳೆ ಹಾಕುತ್ತಿರುವಾಗಲೇ ಕರಿಬಸವರಾಜ ಹುಬ್ಬಿನ ಇದ್ದಿಲು ಕಣ್ಣೀರಲ್ಲಿ ಗಲ್ಲಕ್ಕಿಳಿದ ಮುಖದಲ್ಲೇ ರಂಗದಿಂದ ಧುಮುಕಿ ಮುಂದಿನ ಸಾಲಿಗೆ ಬಂದ. “ಅಕ್ಕಾ, ಟ್ರಂಕು ಕೊಡಿಲ್ಲಿ” ಎಂದು ಹೆಗಲಿಗೇರಿಸಿದ. ಹಿಂದೆ ಬಂದು ಬೆಪ್ಪನಂತೆ ನಿಂತಿದ್ದ ವಾಮದೇವಪ್ಪನ ಕಡೆ ತಿರುಗಿ, “ನಿಮಗೇನ್ ಬ್ಯಾರೆ ಕರೀಬೇಕಾ ಭಾವ? ಬರ್ರಿ. ಅವ್ವ ರೊಟ್ಟಿ ಬಡೀತಾ ಕುಂತಾಳೆ. ಹಯಾತ್ ಸಾಬ್ರೇ, ನೀವೂ ಏಳ್ರಿ, ಇನ್ನೆಷ್ಟು ಸಾಯ್ತೀರಿ!” ಎಂದ. ನಿರ್ಮಲಮ್ಮ ಯಾರಿಗೂ ಕಾಯಲಿಲ್ಲ. ತವರಿನ ಓಣಿಯಲ್ಲಿ ಅವಳು ನಡೆದ ವೇಗಕ್ಕೆ ಟ್ರಂಕು ಹೊತ್ತ ತಮ್ಮ ಹಿಂದುಳಿದ, ತಮ್ಮನ ಹಿಂದೆ ಗಂಡ, ಗಂಡನ ಹಿಂದೆ ನಿಲುವಂಗಿ ಎತ್ತಿಕೊಂಡು ಓಡುವ ಹೆಣ.

ಒಂದು ವಾರಕ್ಕೆಂದು ಹೋದ ನಿರ್ಮಲಮ್ಮ ಒಂದು ತಿಂಗಳಾದರೂ ಬರಲಿಲ್ಲ. ದ್ರಾಕ್ಷಾಯಣಮ್ಮ ಕೊಟ್ಟ ಸಾರು, ತನ್ನ ಕೈಯಾರೆ ಸೀಯಿಸಿದ ಅನ್ನ, ಗುಂಡಿ ಕಿತ್ತ ಅಂಗಿಯಲ್ಲಿ ವಾಮದೇವಪ್ಪ ದಿನ ತಳ್ಳಿದ. ಒಂದು ಬೆಳಿಗ್ಗೆ ಲೋಕಿಕೆರೆಯ ರೈತನೊಬ್ಬ ಚೀಲ ಇಳಿಸುತ್ತಾ, “ಏನ್ ವಾಮಣ್ಣ, ಸೊರಗಿರಲ್ಲ? ಮನ್ಯಾಗೆ ಅಮ್ಮಾರು ಇಲ್ಲೇನು?” ಎಂದು ಮೆಲ್ಲಗೆ ಕೇಳಿದ.

“ಇಲ್ಲ!” ಎಂದ ವಾಮದೇವಪ್ಪ. ಎದೆ ಮುಂದೆ ಮಾಡಿ, ಹಮಾಲರು ಚೀಲ ಹೊತ್ತಲ್ಲೇ ನಿಂತು ತಿರುಗುವ ಹಾಗೆ, ಪಕ್ಕದ ಅಂಗಡಿಯ ತಕ್ಕಡಿ ಅಲುಗುವ ಹಾಗೆ, ಗೆದ್ದ ಕೋಟೆಯ ಹೆಸರು ಸಾರುವ ದಂಡನಾಯಕನ ಹಾಗೆ ಅಂದ: “ತವರಿಗೆ ಹೋಗ್ಯಾಳೆ! ಹರಿಹರಕ್ಕೆ!”